ಹೊರಗಿನ ಚಿಲಕ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಕುಷ್ಟಗಿಯ ಒಂದು ಧರ್ಮಾಸ್ಪತ್ರೆ, ಅದರ ಹಿಂದಿನ ಪಡಸಾಲೆ, ಎಡಗಡೆಯ ಕೊನೆಯ ಕೋಣೆ. ಆ ಕೋಣೆಯ ಬಾಗಿಲ ಹೊರಗೆ, ಬಾಗಿಲಿಗೆ ಮುಖ ಮಾಡಿ ನಿಂತಿದ್ದೆ. ಬಲಗೈ ಚಿಲಕದ ಮೇಲಿತ್ತು. ಎಡಗೈಯಲ್ಲಿ ನನ್ನ ತಂಗಿ ಕಳಿಸಿದ ರೊಟ್ಟಿಯ ಗಂಟು. ಕಾರಹುಣ್ಣಿಮೆ ಮುಗಿದು ಎರಡನೆಯ ಮಂಗಳವಾರ. ಪಡಸಾಲೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಕೊಪ್ಪಳ ಬೇರೆ ಜಿಲ್ಲೆಯಾಗಿ ಅದು ಆರನೆಯ ವರ್ಷ. ನನಗೆ ಇಪ್ಪತ್ತಾರು.

ಇಷ್ಟು ವರ್ಷ ಬಾಯಿ ಬಿಡದವನು ಈಗ ಬರೆಯಲು ಕೂತದ್ದಕ್ಕೆ ಆ ಬಾಗಿಲೇ ಕಾರಣ. ಹೋದ ತಿಂಗಳು ಹಿತ್ತಲಿಗೆ ಹಳೆಯ ಬಾಗಿಲೊಂದು ಬೇಕಾಗಿ ಗುಜರಿ ಅಂಗಡಿಗೆ ಹೋಗಿದ್ದೆ. ಆಸ್ಪತ್ರೆ ಮುಚ್ಚಿ ಬಹಳ ಕಾಲವಾಗಿತ್ತು. ಕಟ್ಟಡ ಕೆಡವಿದವರು ಕದಗಳನ್ನೆಲ್ಲ ಅಲ್ಲಿಗೆ ಹಾಕಿದ್ದರು. ಹಸಿರು ಬಣ್ಣದ ಒಂದು ಬಾಗಿಲು ಗೋಡೆಗೆ ಒರಗಿತ್ತು. ಅದರ ಒಳಮಗ್ಗುಲಲ್ಲಿ, ಎದೆಯ ಎತ್ತರಕ್ಕೆ, ಕಟ್ಟಿಗೆ ತಗ್ಗು ಬಿದ್ದ ಗುರುತುಗಳಿದ್ದವು. ಎಣಿಸಿದೆ. ಏಳು. ಹೊರಮಗ್ಗುಲಿಗೆ ತಿರುಗಿಸಿ ಚಿಲಕ ಮುಟ್ಟಿದೆ. ತುಕ್ಕು ಹಿಡಿದರೂ ಸರಿಯಿತು. ಅದೇ ದನಿ... ಅಂಗಡಿಯವನು ಬೇಕೇನು ಎಂದು ಕೇಳಿದ. ಬೇಡವೆಂದು ಬಂದುಬಿಟ್ಟೆ.

ಆ ಕೋಣೆ ಮಂಗಳವಾರಕ್ಕೊಮ್ಮೆ ತೆರೆಯುತ್ತಿತ್ತು. ಮುನಿರಾಬಾದಿನಿಂದ ಬೆಳಗಿನ ಬಸ್ಸಿಗೆ ಆಕೆ ಬರುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು. ಗಿಡ್ಡ ಆಳು, ನೂಲಿನ ಸೀರೆ, ಮುಂಗೈಯ ಒಳಮಗ್ಗುಲಿಗೆ ಕಟ್ಟಿದ ಗಡಿಯಾರ. ಗಂಡ ನೀರಾವರಿ ಕಚೇರಿಯಲ್ಲಿದ್ದುದರಿಂದ ಡ್ಯಾಮಿನ ಕಾಲೊನಿಯಲ್ಲಿ ಮನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೋಣೆಯ ಹೊರಗಿನ ತಗಡಿನ ಮೇಲೆ ಬರೆದಿತ್ತು. ಜನ ಮಾತಿನ ಡಾಕ್ಟರಮ್ಮ ಎನ್ನುತ್ತಿದ್ದರು. ತಾನು ಡಾಕ್ಟರಲ್ಲ, ಗುಳಿಗೆ ಬರೆಯುವುದಿಲ್ಲ, ಸೂಜಿ ಮಾಡುವುದಿಲ್ಲ ಎಂದು ಆಕೆ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಮೊಮ್ಮಗನನ್ನು ಕರೆತಂದಿದ್ದ ಒಬ್ಬ ಮುದುಕ ನನ್ನ ಮೇಜಿನ ಮುಂದೆ ನಿಂತು ಬೇಸರಪಟ್ಟುಕೊಂಡಿದ್ದ.

"ಸೂಜಿ ಇಲ್ಲ, ಗುಳಿಗಿ ಇಲ್ಲ. ಬರೇ ಮಾತಾಡಾಕ ಕುಷ್ಟಗಿ ತನಕಾ ಯಾಕ ಬರಬೇಕಿತ್ತೋ ತಮ್ಮಾ? ಮನ್ಯಾಗ ನನ್ನ ಹೆಂಡತಿ ಅದಾಳಲ್ಲ."

ಒಳಗೆ ಆಕೆ ನಕ್ಕದ್ದು ನನಗೆ ಕೇಳಿಸಿತ್ತು.

ನನ್ನ ಕೆಲಸ ಚೀಟಿ ಬರೆಯುವುದು. ಹೆಸರು, ಊರು, ವಯಸ್ಸು. ಹದಿಮೂರರಿಂದ ಇಪ್ಪತ್ತೈದರೊಳಗಿನವರನ್ನು ಮಾತ್ರ ಆಕೆ ನೋಡುತ್ತಿದ್ದರು. ಓದಿದ್ದು ಧಾರವಾಡದಲ್ಲಿ. ಆಮೇಲೆ ದೊಡ್ಡ ಊರಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ, ಆ ವಯಸ್ಸಿನವರ ವಾರ್ಡಿನಲ್ಲೇ ಹದಿನಾಲ್ಕು ವರ್ಷ ಇದ್ದವರು. ನನ್ನ ಚೀಟಿಯಲ್ಲಿ ಬರೆಯಲಾಗದ ಎಷ್ಟೋ ಸಂಗತಿ ಆ ಪಡಸಾಲೆಯ ಬೆಂಚಿನ ಮೇಲೆ ಕೂತಿರುತ್ತಿತ್ತು. ಮೊಣಕೈಯಿಂದ ಮುಂಗೈವರೆಗೆ ಬ್ಲೇಡಿನಿಂದ ಕೊಯ್ದುಕೊಂಡ ಹುಡುಗ. ಗಾಳಿ ಬಿಡಿಸುತ್ತೇವೆಂದು ಯಾರೋ ಕಾದ ಕುಡುಗೋಲಿನಿಂದ ಬರೆ ಹಾಕಿದ್ದ ಹುಡುಗಿ. ಅವಳ ಕುತ್ತಿಗೆಯ ಹುಣ್ಣಿನ ಮೇಲೆ ನೊಣ ಕೂರುತ್ತಿದ್ದವು, ಅವಳು ಓಡಿಸುತ್ತಿರಲಿಲ್ಲ. ಸರದಿ ಕಾಯುತ್ತ ಕೂತಲ್ಲೇ ಮಗನ ಕೆನ್ನೆಗೆ ಬಾರಿಸುವ ಅಪ್ಪಂದಿರಂತೂ ವಾರಕ್ಕಿಬ್ಬರು. ಆಯಾ ಹುಲಿಗೆವ್ವ ನಡುವೆ ನೀರಿನ ಕೊಡ ಇಟ್ಟುಕೊಂಡು ನಿಂತುಬಿಡುತ್ತಿದ್ದಳು, ಏನೂ ಕಾಣದವಳಂತೆ. ಕೊಡ ದಾಟಿ ಹೊಡೆಯಲು ಯಾರಿಗೂ ಆಗುತ್ತಿರಲಿಲ್ಲ.

ಆಕೆಯ ಕೋಣೆಯಲ್ಲಿ ಎರಡೇ ಕಬ್ಬಿಣದ ಕುರ್ಚಿ. ಬಂದ ದಿನವೇ ಅವನ್ನು ತಾವೇ ಎತ್ತಿ ಬದಲಿಸಿದರು. ಬಾಗಿಲ ಮಗ್ಗುಲಿನ ಕುರ್ಚಿ ಹುಡುಗರಿಗೆ, ಒಳಗಿನ ಗೋಡೆಯ ಕಡೆಯದು ತಮಗೆ. ಹುಡುಗರನ್ನು ದಾಟದೆ ಅಲ್ಲಿಂದ ಅವರಿಗೆ ಹೊರಬರಲು ಬೇರೆ ದಾರಿಯಿರಲಿಲ್ಲ. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅದು ಒಂದು ಗೇಣು ತೆರೆದಿರಲೆಂದು ಅರ್ಧ ಇಟ್ಟಿಗೆ ತಂದು ಸಂದಿಗೆ ಇಡಿಸಿದರು. ಬಡಗಿಯನ್ನು ಕರೆಸಿ ಒಳಗಿನ ಚಿಲಕ ಕೀಳಿಸಿದರು. ಹೊರಗಿನದನ್ನೂ ಕೀಳಿಸುತ್ತಿದ್ದರು, ಸಂಜೆ ಬೀಗ ಹಾಕಲು ಬೇಕೆಂದು ಮ್ಯಾನೇಜರರು ಒಪ್ಪಲಿಲ್ಲ. ನನ್ನನ್ನು ಕರೆದು, ನಾನಿರುವಾಗ ಅದನ್ನು ಮುಟ್ಟಬೇಡ, ಇದೊಂದೇ ನಿನಗೆ ಹೇಳುವ ಮಾತು ಎಂದರು.

ಯಾಕೆಂದು ಒಂದು ದಿನ ಚಹಾ ಕುಡಿಯುವಾಗ ಕೇಳಿದ್ದೆ. ಹಳೆಯ ವಾರ್ಡಿನಲ್ಲಿ ಹದಿನಾರರ ಹುಡುಗಿಯೊಬ್ಬಳನ್ನು ಅವಳದೇ ಒಳಿತಿಗೆಂದು ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಹಾಗೆ ಮಾಡಿ ಎಂದು ಕಾಗದದಲ್ಲಿ ಬರೆದುಕೊಟ್ಟವರು ಈಕೆಯೇ. ಹುಡುಗಿ ಬಾಗಿಲಿಗೆ ತಲೆ ಜಜ್ಜಿಕೊಂಡಳು. ಸಾಯಲಿಲ್ಲ, ಮತ್ತೆ ಮಾತಾಡಲೂ ಇಲ್ಲ...

"ವಯಸ್ಸಾದವರನ್ನ ಕೂಡಿ ಹಾಕಿದ್ರ ಕೂತು ಅಳತಾರ ತಮ್ಮಾ. ಈ ವಯಸ್ಸಿನವರು ಒಡಿತಾರ. ಬಾಗಲಾ ಸಿಕ್ಕರ ಬಾಗಲಾ, ಇಲ್ಲಂದ್ರ ತಮ್ಮ ತಲಿ."

ಯಮನೂರನೆಂಬ ಹುಡುಗನನ್ನು ಬೇವೂರಿನಿಂದ ಟಂಟಂ ಗಾಡಿಯಲ್ಲಿ ತಂದರು. ಹತ್ತೊಂಬತ್ತು ವರ್ಷ. ಎರಡೂ ಕೈ ಹಿಂದಕ್ಕೆ ಕಟ್ಟಿ, ಹಗ್ಗ ಸೊಂಟಕ್ಕೆ ಸುತ್ತಿ, ತುದಿಯನ್ನು ಸೋದರಮಾವ ಹಿಡಿದಿದ್ದ. ಹಿಂದೆ ತಾಯಿ. ಗಂಗಾವತಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಿದ್ದವನು, ವರ್ಷದ ನಡುವೆ ಊರಿಗೆ ಬಂದ ಮೇಲೆ ಮಾತು ಬಿಟ್ಟಿದ್ದ. ಒಂದು ದಿನ ಇವನು ಒಳಗಿರುವಾಗ ತಾಯಿ ಮುಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಕೊಂಡು ನೀರಿಗೆ ಹೋದಳು. ತಿರುಗಿ ಬಂದು ತೆರೆದವಳಿಗೆ ಊದುಗೊಳವೆಯಿಂದ ಹೊಡೆದು ಹೆಗಲ ಎಲುಬು ಮುರಿದ. ಅಂದಿನಿಂದ ದನದ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ನಾಲ್ಕು ತಿಂಗಳು. ಮುಂಗೈಗಳಲ್ಲಿ ಹಗ್ಗ ಕೂತ ಜಾಗ ಕೆಂಪಗೆ, ಹಸಿಯಾಗಿ, ಬಳೆ ತೊಟ್ಟಂತೆ ಕಾಣುತ್ತಿತ್ತು.

ಹಗ್ಗ ಬಿಚ್ಚಿ ಒಳಗೆ ಕಳಿಸಿ ಎಂದರು ಆಕೆ. ಹೊಡೆದರೆ ಏನು ಗತಿ ಎಂದ ಮಾವ.

"ಹೊಡದ್ರ ನನಗ ಹೊಡಿತಾನ್ರಿ. ನಿಮಗಲ್ಲಲ್ಲ."

ಅವನು ಹೊಡೆಯಲಿಲ್ಲ. ಮೊದಲನೆಯ ವಾರ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಸಂದಿಯಿಂದ ಹೊರಗೆ ನೋಡುತ್ತಲೇ ಇದ್ದ. ಎರಡನೆಯ ವಾರವೂ ಹಾಗೆಯೇ. ಒಮ್ಮೆ ಎದ್ದು ಬಸ್‌ಸ್ಟ್ಯಾಂಡಿನವರೆಗೆ ನಡೆದುಬಿಟ್ಟ. ಅಟ್ಟಿಸಿಕೊಂಡು ಹೊರಟ ಮಾವನನ್ನು ಆಕೆ ತಡೆದರು. ಅರ್ಧ ಗಂಟೆಗೆ ತಾನೇ ತಿರುಗಿ ಬಂದು ಕೂತ. ಮೂರನೆಯ ವಾರ ಕೋಣೆಯೊಳಗಿಂದ ಎರಡು ದನಿ ಕೇಳಿದವು. ಅಂದು ಚಹಾ ಕುಡಿಯುವಾಗ ಆಕೆ ಹೇಳಿದ್ದು ಇಷ್ಟೇ, "ಮಾತಾಡಾಕತ್ತ್ಯಾನ." ಏನು ಮಾತಾಡಿದ ಎಂಬುದನ್ನು ಹೇಳಲಿಲ್ಲ. ಯಾರ ಮಾತನ್ನೂ ಹೊರಗೆ ಹೇಳುತ್ತಿರಲಿಲ್ಲ. ಹಾಸ್ಟೆಲ್ಲಿನಲ್ಲಿ ದೊಡ್ಡ ಹುಡುಗರು ಅವನನ್ನು ಎರಡು ದಿನ ಕೋಣೆಯಲ್ಲಿ ಕೂಡಿಹಾಕಿ, ಆಗಾಗ ಚಿಲಕ ತೆಗೆದು ಒಳಗೆ ಬಂದು ಹೊಡೆದು ಹೋಗುತ್ತಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ.

ನಾಲ್ಕನೆಯ ಮಂಗಳವಾರ. ಹಿಂದಿನ ದಿನ ಮಳೆಯಾಗಿ ಬಾಗಿಲು ಉಬ್ಬಿತ್ತು. ಗಾಳಿ ಜೋರಿತ್ತು. ಹುಡುಗ ಒಳಗೆ ಹೋಗಿ ಇಪ್ಪತ್ತು ನಿಮಿಷವಾಗಿರಬೇಕು, ಮಾವ ನನ್ನ ಮೇಜಿನ ಹತ್ತಿರ ಬಂದ. ನನ್ನ ತಂಗಿಯನ್ನು ಕೊಟ್ಟದ್ದು ಅವರ ಓಣಿಗೆ, ಅವರದೇ ಅಣ್ಣತಮ್ಮಂದಿರ ಮನೆಗೆ. ಹಾಗಾಗಿ ನಾನು ಆತನಿಗೆ ಬೀಗ. ಬಿಳಿ ಬಟ್ಟೆಯ ಗಂಟೊಂದನ್ನು ನನ್ನ ಕೈಗಿಟ್ಟ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ತಂಗಿ ಕಳಿಸಿದ್ದು. ಗಂಟು ಇನ್ನೂ ಬೆಚ್ಚಗಿತ್ತು.

"ಬೀಗರ, ಇವರವ್ವ ಮುಂಜಾಲಿಂದ ಬಾಯಾಗ ನೀರ ಹಾಕಿಲ್ಲ. ಚಾ ಕುಡಿಸಿಕೊಂಡ ಬರತೀನಿ. ಹತ್ತ ನಿಮಿಷ ಚಿಲಕಾ ಹಾಕ್ರಿ. ಅವತ್ತಿನಂಗ ಎದ್ದು ಹೋದಾ ಅಂದ್ರ ಹೊಳಿ ಪಾಲಾಗತಾನ."

ಹಾಕಬಾರದೆಂದು ಹೇಳಿದ್ದಾರೆ ಎಂದೆ. ಆತ ನಕ್ಕು ಹೇಳಿದ, "ಬೀಗರ ಮಾತ ನಡಸಂಗಿಲ್ಲೇನ್ರಿ? ನಿಮ್ಮ ತಂಗಿಗಿ ಏನಂತ ಹೇಳ್ಲಿ ನಾ?"

ಅದು ತಮಾಷೆಯ ಮಾತು. ಬೆದರಿಕೆಯಾಗಿರಲಿಲ್ಲ. ಇದನ್ನು ಸರಿಯಾಗಿ ಬರೆಯಬೇಕು, ತಪ್ಪನ್ನು ಆತನ ಮೇಲೆ ಜಾರಿಸಬಾರದು. ನಮ್ಮಲ್ಲಿ ತಂಗಿಯನ್ನು ಕೊಟ್ಟ ಕಡೆಯವರ ಮಾತಿಗೆ ಇಲ್ಲವೆನ್ನುವ ರೂಢಿಯಿಲ್ಲ. ಕೈಯಲ್ಲಿ ಅವಳು ಬಡಿದ ರೊಟ್ಟಿ ಬೇರೆ. ಹತ್ತು ನಿಮಿಷ ತಾನೆ ಅಂದುಕೊಂಡೆ. ಆತ ಹುಡುಗನ ತಾಯಿಯನ್ನು ಕರೆದುಕೊಂಡು ಎದುರಿನ ಹೋಟೆಲಿಗೆ ಹೋದ. ನಾನು ಬಾಗಿಲ ಹತ್ತಿರ ಹೋದೆ. ಇಟ್ಟಿಗೆಯನ್ನು ಕಾಲಿನಿಂದ ಸರಿಸಿ ಗೋಡೆಗೆ ತಾಗಿಸಿಟ್ಟೆ. ಸಪ್ಪಳವಾಗದಂತೆ ಬಾಗಿಲು ಮುಚ್ಚಿದೆ. ಒಳಗೆ ಹುಡುಗ ಮಾತಾಡುತ್ತಿದ್ದ. ಚಿಲಕ ಸರಿಸಿದೆ, ತುದಿ ತೂತಿನ ಅಂಚಿಗೆ ಬಡಿದು ನಿಂತಿತು. ಬಾಗಿಲನ್ನು ತುಸು ಎತ್ತಿ ಮತ್ತೆ ಸರಿಸಿದೆ. ಈ ಸಲ ಹೋಯಿತು.

ಒಳಗಿನ ಮಾತು ನಿಂತಿತು.

"ಚಿಲಕಾ ಹಾಕಿದ್ರು," ಎಂದ ಹುಡುಗ.

"ಇಲ್ಲಪಾ, ಗಾಳಿಗಿ ಮುಚ್ಚೇತಿ. ಯಾರೂ ಹಾಕಂಗಿಲ್ಲ. ದಬ್ಬಿ ನೋಡು ಬೇಕಾರ," ಎಂದರು ಆಕೆ. ಆ ದನಿಯಲ್ಲಿ ಅನುಮಾನವೇ ಇರಲಿಲ್ಲ. ನನ್ನನ್ನು ಅಷ್ಟು ನಂಬಿದ್ದರು.

ಅವನು ದಬ್ಬಿದ.

ಅಷ್ಟರಲ್ಲಿ ತೆಗೆಯಬಹುದಿತ್ತು. ಬಾಗಿಲಿನ ಆಚೆ ಅವನು, ಈಚೆ ನಾನು, ನಡುವೆ ಒಂದು ಅಂಗುಲ ಹಲಗೆ. ತೆಗೆದರೆ ಹಾಕಿದ್ದು ನಾನೆಂದು ಆಕೆಗೆ ಗೊತ್ತಾಗುತ್ತದೆ... ಎಷ್ಟು ಹೊತ್ತು ಹಾಗೆ ನಿಂತೆನೋ. ಮೂರು ಉಸಿರು ಇರಬಹುದು. ಆಮೇಲೆ ಮೊದಲ ಪೆಟ್ಟು ಬಿತ್ತು. ಕುರ್ಚಿ ಎತ್ತಿ ಬಾಗಿಲಿಗೆ ಹೊಡೆದಿದ್ದ. ಈಗ ಚಿಲಕ ಹಿಡಿದು ಜಗ್ಗಿದೆ, ಬರಲಿಲ್ಲ. ಒಳಗಿನಿಂದ ಅವನ ಮೈಭಾರ ಬಾಗಿಲ ಮೇಲೆ ಬಿದ್ದು ಚಿಲಕ ತೂತಿನಲ್ಲಿ ಬಿಗಿದಿತ್ತು. ಬೆವರಿದ ಬೆರಳು ಜಾರುತ್ತಿತ್ತು. ರೊಟ್ಟಿಯ ಗಂಟನ್ನು ಕೆಳಗಿಟ್ಟಿದ್ದರೆ ಎರಡೂ ಕೈ ಸಿಗುತ್ತಿದ್ದವು. ಇಡಲಿಲ್ಲ. ಯಾಕೆ ಇಡಲಿಲ್ಲವೆಂದು ಇವತ್ತಿಗೂ ಗೊತ್ತಿಲ್ಲ. ಏಳು ಪೆಟ್ಟು ಬಾಗಿಲಿಗೆ ಬಿದ್ದವು. ಎಂಟನೆಯದು ಬಾಗಿಲಿಗೆ ಬೀಳಲಿಲ್ಲ. ಅದರ ದನಿ ಬೇರೆ ಇತ್ತು. ಹಸಿಯಾದ ಏನೋ ಒಡೆದ ಹಾಗೆ. ಒಂಬತ್ತನೆಯದೂ ಹಾಗೇ. ಆಕೆ ಕೂಗಲಿಲ್ಲ.

ಬಾಗಿಲ ಮೇಲಿನ ಭಾರ ಹೋದದ್ದಕ್ಕೆ ಚಿಲಕ ನನ್ನ ಕೈಗೆ ಸರಿಯಿತು.

ಅವನು ಹೊರಗೆ ಬಂದ. ಓಡಲಿಲ್ಲ. ಕುರ್ಚಿ ಕೈಯಲ್ಲೇ ಇತ್ತು, ಅದರ ಕಾಲಿನಿಂದ ರಕ್ತ ಇಳಿಯುತ್ತಿತ್ತು. ಪಡಸಾಲೆಯಲ್ಲಿ ಹದಿನೈದು ಇಪ್ಪತ್ತು ಜನ. ಒಬ್ಬ ಹೆಂಗಸು ಚೀರಿದ್ದೇ ತಡ, ಎಲ್ಲರೂ ಬಿದ್ದರು. ಮೊದಲು ಚಪ್ಪಲಿ. ಆಮೇಲೆ ಒಬ್ಬ ಡ್ರೈವರ ಗಾಡಿಯಿಂದ ಜಾಕಿನ ರಾಡು ತಂದ. ಹೋಟೆಲಿನಿಂದ ಓಡಿಬಂದ ಮಾವ ಸೊಂಟದ ಪಟ್ಟಿ ಬಿಚ್ಚಿ, ಬಕ್ಕಲ್ ಇರುವ ತುದಿಯಿಂದ ಬಾರಿಸಿದ. ಅದುವರೆಗೆ ಮಗನ ಕೆನ್ನೆಗೆ ಬಾರಿಸುತ್ತಿದ್ದ ಅಪ್ಪಂದಿರು, ಅವರ ಪಕ್ಕದಲ್ಲಿ ಕೆನ್ನೆ ಕೊಟ್ಟು ಕೂತಿದ್ದ ಮಕ್ಕಳು, ಎಲ್ಲರೂ ಸೇರಿ ಒದ್ದರು. ಅವನ ಬಾಯಿಂದ ಹಲ್ಲೊಂದು ನನ್ನ ಕಾಲ ಬಳಿ ಬಂದು ಬಿತ್ತು. ಅವನು ತಲೆಯನ್ನು ತೋಳಿನಲ್ಲಿ ಮುಚ್ಚಿಕೊಂಡು ಹೇಳುತ್ತಿದ್ದುದು ಒಂದೇ ಮಾತು: "ಹಾಕಿದ್ರು, ಹಾಕಿದ್ರು."

ಆಗ ಆಕೆ ಬಂದರು. ಗೋಡೆ ಹಿಡಿದು, ಮೊಣಕಾಲ ಮೇಲೆ. ಎಡಗಣ್ಣಿನ ಜಾಗದಲ್ಲಿ ರಕ್ತ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎಡಗೈ ಹಸ್ತ ಹಿಂದಕ್ಕೆ ತಿರುಗಿತ್ತು. ಜನರ ಕಾಲುಗಳ ನಡುವೆ ನುಗ್ಗಿ ಅವನ ಮೇಲೆ ಮಲಗಿದರು. ಗೊತ್ತಾಗದೆ ಹೊಡೆದ ಎರಡು ಏಟು ಅವರ ಬೆನ್ನಿಗೆ ಬಿದ್ದವು. ಒಂದು ರಾಡಿನದು. ಹುಲಿಗೆವ್ವ ತುಂಬಿದ ಕೊಡವನ್ನು ಆ ಗುಂಪಿನ ಮೇಲೆ ಸುರುವಿದಳು. ಆಮೇಲೆ ಎಲ್ಲರೂ ಹಿಂದೆ ಸರಿದರು.

ಹವಾಲ್ದಾರ ಬಂದು ಬರೆದುಕೊಂಡ. ಬಾಗಿಲು ಹಾಕಿತ್ತೇ ಎಂದು ಕೇಳಿದ, ಯಾಕೆಂದರೆ ಹುಡುಗ ಇನ್ನೂ ಅದನ್ನೇ ಹೇಳುತ್ತಿದ್ದ. ಮಾವ ಹೇಳಿದ, "ಇಲ್ಲರಿ, ಯಾರ ಹಾಕತಾರ? ಅವಂಗ ಹಂಗ ಕೇಳಸತೈತಿ. ಹುಚ್ಚೈತಲ್ಲರಿ." ಹೇಳುವಾಗ ನನ್ನ ಕಡೆ ನೋಡಲಿಲ್ಲ. ಹವಾಲ್ದಾರ ನನ್ನ ಕಡೆ ತಿರುಗಿದ. ಹುಲಿಗೆವ್ವ ಖಾಲಿ ಕೊಡ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳು ಎಲ್ಲವನ್ನೂ ಕಂಡಿದ್ದಳು.

"ನಾ ನೋಡಿಲ್ಲರಿ," ಎಂದೆ.

ಹುಲಿಗೆವ್ವ ಕೊಡದ ಒಳಗೆ ನೋಡಿದಳು.

ಆಕೆ ದೂರು ಕೊಡಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದಲೇ ಹಟ ಹಿಡಿದು ಹುಡುಗನನ್ನು ಠಾಣೆಯಿಂದ ಬಿಡಿಸಿದರು. ಬಿಡಿಸಿದ್ದೆಂದರೆ, ಅವನು ಮತ್ತೆ ಕೊಟ್ಟಿಗೆಗೆ ಹೋದ. ಈ ಸಲ ಹಗ್ಗವಲ್ಲ, ಸರಪಳಿ. ಮಂಗಳವಾರದ ಕೋಣೆಯನ್ನು ಮುಚ್ಚಿದರು.

ಎರಡು ತಿಂಗಳ ಮೇಲೆ ತಮ್ಮ ಪುಸ್ತಕ ಒಯ್ಯಲು ಬಂದರು. ಕೈಗೆ ಪಟ್ಟಿ, ಎಡಗಣ್ಣಿಗೆ ಬಿಳಿ ಬಟ್ಟೆ. ಆ ಕಣ್ಣು ಉಳಿದಿರಲಿಲ್ಲ. ಪುಸ್ತಕ ಕಟ್ಟಿಕೊಟ್ಟೆ. ಆಕೆ ಪಡಸಾಲೆಯಲ್ಲಿ ನಿಂತು ಗೋಡೆಗೆ ತಾಗಿದ್ದ ಇಟ್ಟಿಗೆ ನೋಡಿದರು.

"ಗಾಳಿಗಿ ಇಟಗಿ ಸರಿಯಂಗಿಲ್ಲ ತಮ್ಮಾ."

ನಾನು ಪುಸ್ತಕದ ಕಟ್ಟಿನ ದಾರ ಇನ್ನೊಮ್ಮೆ ಬಿಗಿದೆ.

ಆಕೆಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಪ್ರತಿ ವಾರ ಬೇವೂರಿಗೆ ಹೋಗುತ್ತಿದ್ದೇನೆ ಎಂದರು. ಕೊಟ್ಟಿಗೆಯ ಒಳಗೆ ದನಗಳಿಗೆ ಮೇವು ಹಾಕುವ ಗ್ವಾದಲಿಯ ಹತ್ತಿರ ತಾವು ಕೂತು, ಬಾಗಿಲ ಕಡೆ ಅವನನ್ನು ಕೂರಿಸುತ್ತಾರಂತೆ. ಈಗ ಅವನು ಯಾರಿಗೂ ಕೈ ಎತ್ತುವುದಿಲ್ಲ, ಸರಪಳಿ ಬಿಚ್ಚಿದರೂ ಏಳುವುದಿಲ್ಲ. ಇಲ್ಲದ ಸಪ್ಪಳ ತನಗೆ ಕೇಳಿಸಿತು, ತಾನು ಹುಚ್ಚನೇ ಎಂದು ಅವನು ನಂಬಿಬಿಟ್ಟಿದ್ದಾನೆ.

"ಹಾಕಿತ್ತಪಾ ಅಂತ ನಾ ಹೇಳಿದ್ರ ನಂಬಂಗಿಲ್ಲ. ಹಾಕಿಲ್ಲ ಅಂತ ಅವತ್ತ ಹೇಳಿದಾಕಿ ನಾನಽ ಅಲ್ಲೇನು. ಹಾಕಿದಾವನ ಬಂದು ಹೇಳಬೇಕು. ಒಂದ ಮಾತು. ಮುಂದಿನ ಮಂಗಳವಾರ ಹತ್ತರ ಬಸ್ಸಿಗಿ ನಾ ಇಲ್ಲಿಂದ ಹೋಗತೀನಿ."

ಬರುತ್ತೇನೆ ಎಂದೆ. ಬಸ್‌ಸ್ಟ್ಯಾಂಡಿಗೆ ಹೋದೆ ಕೂಡ. ಪುಸ್ತಕದ ಅಂಗಡಿಯ ಮರೆಯಲ್ಲಿ ನಿಂತಿದ್ದೆ. ಆಕೆ ಬಸ್ಸಿನ ಕಿಟಕಿಯಲ್ಲಿ ಬಲಗಣ್ಣಿನಿಂದ ಸ್ಟ್ಯಾಂಡನ್ನೆಲ್ಲ ಹುಡುಕುತ್ತಿದ್ದರು. ಬೀಗರ ಓಣಿ, ತಂಗಿಯ ಸಂಸಾರ, ಖಾಯಂ ಆಗದ ನನ್ನ ಕೆಲಸ... ಕಾರಣಗಳು ಬೇಕಾದಷ್ಟು ಇದ್ದವು. ಬಸ್ಸು ಹೋಯಿತು. ಮುಂದಿನ ವಾರ ಹೋಗೋಣವೆಂದುಕೊಂಡೆ. ಅದರ ಮುಂದಿನ ವಾರವೂ.

ಆಕೆ ಒಂದು ವರ್ಷಕ್ಕೂ ಮಿಕ್ಕಿ ಬೇವೂರಿಗೆ ಹೋಗಿ ಬಂದರೆಂದು ತಂಗಿ ಹೇಳುತ್ತಿದ್ದಳು. ಸರಪಳಿ ಹೋಯಿತು, ಹುಡುಗ ಹೊಲಕ್ಕೆ ಹೋಗತೊಡಗಿದ, ಆಮೇಲೆ ಊರು ಬಿಟ್ಟ ಎಂದೂ ಅವಳೇ ಹೇಳಿದಳು. ಗಂಡನಿಗೆ ನಿವೃತ್ತಿಯಾಗಿ ಆಕೆ ಮುನಿರಾಬಾದಿನಿಂದ ಹೋದದ್ದು ನನಗೆ ತಿಳಿಯಲೇ ಇಲ್ಲ.

ಗುಜರಿ ಅಂಗಡಿಯಿಂದ ಬಂದ ಮೂರನೆಯ ದಿನ ತಂಗಿಯಿಂದ ಯಮನೂರನ ಗುರುತು ಕೇಳಿಕೊಂಡು ಹನುಮನಹಳ್ಳಿಗೆ ಹೋದೆ. ಬೆಟ್ಟ ಹತ್ತುವ ದಾರಿಯ ಪಕ್ಕ, ತಾಡಪಾಲಿನ ಕೆಳಗೆ, ನಲವತ್ತರ ಆಸುಪಾಸಿನ ಗಂಡಸು ತೆಂಗಿನಕಾಯಿ, ಹೂವು ಇಟ್ಟುಕೊಂಡು ಕೂತಿದ್ದ. ಮುಂದಿನ ಹಲ್ಲೊಂದಿಲ್ಲ. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಕಾಯಿ ಎಷ್ಟು ಬೇಕ್ರಿ ಎಂದ. ಚೀಟಿ ಬರೆಯುತ್ತಿದ್ದವನು ನಾನು ಎಂದೆ. ಆಮೇಲೆ, ಚಿಲಕ ಹಾಕಿದವನೂ ನಾನೇ ಎಂದೆ.

ಅವನ ಕೈಯಲ್ಲಿ ಕಾಯಿ ಒಡೆಯುವ ಮಚ್ಚು ಇತ್ತು. ಅದನ್ನು ಅವನು ಕೆಳಗಿಡಲಿಲ್ಲ. ನಾನು ಸರಿಯಲಿಲ್ಲ. ನನ್ನನ್ನೇ ನೋಡಿ ಕೇಳಿದ.

"ಎಷ್ಟ ಸಪ್ಪಳ ಆತು?"

"ಎರಡು," ಎಂದೆ. "ಮೊದಲನೇದು ಬಡದು ನಿಂತಿತು. ಬಾಗಲಾ ಎತ್ತಿ ಮತ್ತ ಸರಿಸಿದೆ."

"ಮೊದಲನೇದು ಸಣ್ಣದು."

"ಹೌದು. ಎರಡನೇದು ದೊಡ್ಡದು."

"ಎರಡು," ಎಂದ ಅವನು. ಮಚ್ಚನ್ನು ಹೂವಿನ ಬುಟ್ಟಿಯ ಪಕ್ಕ ಇಟ್ಟ. "ಇಪ್ಪತ್ತ ವರ್ಷಾತ್ರಿ. ಈಗೂ ಎಣಸತಿದ್ನಿ."

ಆಕೆ ಎಲ್ಲಿದ್ದಾರೆ, ಅವರಿಗೂ ಹೇಳಬೇಕಿತ್ತು ಎಂದೆ. ತೀರಿಕೊಂಡು ನಾಲ್ಕು ವರ್ಷವಾಯಿತು ಎಂದ. ಕೊನೆಯವರೆಗೂ ಅವನಿಗೆ ಕಾಗದ ಬರೆಯುತ್ತಿದ್ದರಂತೆ. ಹಾಕಿದವನು ಬಂದನೇ ಎಂದು ಪ್ರತಿ ಕಾಗದದಲ್ಲೂ ಕೇಳುತ್ತಿದ್ದರಂತೆ. ನನ್ನ ಹೆಸರು ಮಾತ್ರ ಎಂದೂ ಬರೆಯಲಿಲ್ಲ. ನಾನು ಇನ್ನೇನೋ ಹೇಳಲು ಹೊರಟೆ. ಅವನು ಕೈ ಅಡ್ಡ ಮಾಡಿ, ಬಂದ ಗಿರಾಕಿಯ ಕಡೆ ತಿರುಗಿದ.

ಮಾವ ಸತ್ತಿದ್ದಾನೆ. ಹವಾಲ್ದಾರ ಏನಾದನೋ ತಿಳಿಯದು. ರಾಡು ತಂದ ಡ್ರೈವರನ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ. ಚಿಲಕ ಹಾಕಿದ್ದನ್ನು ಕಣ್ಣಾರೆ ಕಂಡವಳು ಹುಲಿಗೆವ್ವ. ಕುಷ್ಟಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಿವಿ ಪೂರ್ತಿ ಹೋಗಿದೆ, ಕೇಳಿದರೆ ಕೈಸನ್ನೆಯಲ್ಲಿ ಹೇಳಬಲ್ಲಳು. ಒಳಗೆ ಕೂತು ಕೇಳಿದವನು ಯಮನೂರ, ಹನುಮನಹಳ್ಳಿಯಲ್ಲಿದ್ದಾನೆ. ಹೊರಗೆ ನಿಂತವನು ನಾನು. ನಾವು ಮೂವರೂ ಬದುಕಿದ್ದೇವೆ.